ಎದುರು ಮನೆ

ಒಂದನೇ ತಾರೀಖೇ ಓದಬೇಡ, ಮುಬೀನಾ.
ಮಡಚಿ ಮೆಷಿನ್ನಿನ ಡ್ರಾಯರಿನಲ್ಲಿಡು,
ಬಾಬಿನ್ನು, ಹುಕ್ಕು, ಸೀಮೆಸುಣ್ಣದ ಜೊತೆ.
ತಿಂಗಳು ಅದರ ಪಾಡಿಗೆ ನಡೆದುಹೋಗಲಿ,
ಕೊನೆಯ ದಿನ ಪೆನ್ಸಿಲ್ ಹಿಡಿದು ಓದು.
ಆಗ ಅದು ಭವಿಷ್ಯವಲ್ಲ,
ಲೆಕ್ಕಪತ್ರ.

‘ಧನಲಾಭ’ ಎಂದಿತ್ತು ಹೋದ ತಿಂಗಳು.
ಆಲ್ಟರೇಷನ್ನಿಗೆ ಬಂದ ಎಸ್ಟೇಟ್ ರೈಟರ ಕೋಟಿನ
ಒಳಜೇಬಿನಲ್ಲಿ ಐವತ್ತರ ನೋಟು. ಹಿಂದಕ್ಕೆ ಕೊಟ್ಟೆ.
ಸರಿ ಹಾಕಲೋ, ತಪ್ಪು ಹಾಕಲೋ?
ಧನ ನನ್ನ ಕೈಯಲ್ಲಿ ಹಾದುಹೋದದ್ದು ನಿಜ,
ಲಾಭ ಆತನದು. ಅರ್ಧ ಸರಿ ಹಾಕಿದೆ.
‘ವಾಹನದಿಂದ ಜಾಗ್ರತೆ’ ಅಂತೆ.
ಆಜಾದ್ ಪಾರ್ಕ್ ಸರ್ಕಲ್ಲು ದಾಟುವವರಿಗೆ
ಯಾವ ರಾಶಿಯಾದರೇನು?

ನಿಮ್ಮ ರಾಶಿ ಯಾವುದಕ್ಕಾ ಎಂದೆಯಲ್ಲ,
ಗೊತ್ತಿಲ್ಲ ಕಣೇ.
ಅಣ್ಣ ಹುಟ್ಟಿದ ರಾತ್ರಿ ಅಪ್ಪ ಬರಿಗಾಲಲ್ಲಿ
ಮೂರು ಮೈಲಿ ನಡೆದು ಜೋಯಿಸರನ್ನು ಎಬ್ಬಿಸಿದರಂತೆ.
ಹಸ್ತಾ ನಕ್ಷತ್ರ, ಮೊದಲ ಪಾದ, ಕನ್ಯಾ ರಾಶಿ,
ಪು ಅಕ್ಷರಕ್ಕೆ ಪುಟ್ಟರಂಗ.
ಅರಿಶಿನ ಹಚ್ಚಿದ ಆ ಕಾಗದ ಇವತ್ತಿಗೂ ಇದೆ.
ನಾನು ಹುಟ್ಟಿದಾಗ, ಅವ್ವ ಹೇಳುತ್ತಿದ್ದಳು,
ರಾಗಿ ಕಣದಲ್ಲಿತ್ತು, ಎಮ್ಮೆ ಕರು ಹಾಕಿತ್ತು.
ಹೆಣ್ಣು ಕರು ಅಂತ ಬೀದಿಗೆಲ್ಲ ಗಿಣ್ಣು ಹಂಚಿದರಂತೆ.
ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡರು.
ನಮ್ಮ ಬೆಂಚಿನ ನಾಲ್ವರೂ ಹುಟ್ಟಿದ್ದು ಜೂನ್ ಒಂದಕ್ಕೇ.

ಕೊನೆಗೆ ಹೆಸರಿನ ಅಕ್ಷರ ಹಿಡಿದೆ.
ಬೆಟ್ಟದಮ್ಮನ ಹೆಸರು, ದೇವೀರಮ್ಮ.
ದೇ ಅಂದರೆ ರೇವತಿ, ರೇವತಿ ಅಂದರೆ ಮೀನ.
ಮದುವೆಮನೆಗೆ ಎರವಲು ಸರ ಹಾಕಿಕೊಂಡ ಹಾಗೆ,
ಕೊಂಡಿ ಬಿಗಿಯಾಗಿದೆಯೇ ಎಂದು ಆಗಾಗ
ಮುಟ್ಟಿ ನೋಡಿಕೊಳ್ಳುತ್ತೇನೆ.

ಅದಕ್ಕೇ ಹನ್ನೆರಡನ್ನೂ ಓದುವುದು.
ಕಟಕ ಬಾಡಿಗೆ ಕೇಳುವ ಹೊನ್ನಮ್ಮನವರಿಗೆ,
ಸಿಂಹ ಟೀ ಅಂಗಡಿ ಶೇಖರಪ್ಪನಿಗೆ:
ಒಳ್ಳೆಯದಿದ್ದರೆ ಹೇಳು, ಒಂದು ರಸ್ಕು ಜಾಸ್ತಿ.
‘ನಮ್ಮಲ್ಲಿ ಇದೆಲ್ಲ ಇಲ್ಲಕ್ಕಾ’ ಅನ್ನುತ್ತಲೇ
ನೀನೂ ಬೆರಳಿಟ್ಟು ಹುಡುಕುತ್ತೀಯ,
ಯಾವುದರಲ್ಲಿ ‘ಕಂಕಣಭಾಗ್ಯ’ ಇದೆಯೋ
ಈ ತಿಂಗಳು ಅದೇ ನಿನ್ನ ರಾಶಿ.

ಕನ್ಯೆಯನ್ನು ಮಾತ್ರ ದಾಟಿಬಿಡುತ್ತಿದ್ದೆ,
ಆರು ವರ್ಷ.

ಕಡೂರಿನ ಸಬ್ ರಿಜಿಸ್ಟ್ರಾರ್ ಆಫೀಸು.
ಹಕ್ಕು ಬಿಡುಗಡೆ ಪತ್ರ.
ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ, ಹೆಬ್ಬೆಟ್ಟೂ ಒತ್ತಿದೆ.
ಜಮೀನಿಗಲ್ಲ ನನ್ನ ಸಿಟ್ಟು, ದೇವರಾಣೆ.
ಹೊರಗೆ ಬಂದು ಅಣ್ಣ ಟೀ ಹೇಳಿದ,
ಸಾಕ್ಷಿಗಳಿಗೆ, ಪತ್ರ ಬರೆದವನಿಗೆ,
ಬೆರಳು ಮಡಚಿ ಎಣಿಸಿ ಹೇಳಿದ.
ನನ್ನನ್ನು ಎಣಿಸಲಿಲ್ಲ.

ಮೊನ್ನೆ, ಹನ್ನೊಂದಕ್ಕೇ, ನನ್ನ ನಿಯಮ ನಾನೇ ಮುರಿದೆ.
ಗುಂಡುಪಿನ್ನು ಹುಡುಕಲು ಡ್ರಾಯರು ಎಳೆದರೆ
ಮಡಿಕೆ ಬಿಚ್ಚಿಕೊಂಡಿತ್ತು, ಕನ್ಯೆ ಮೇಲಾಗಿ:
‘ಆರೋಗ್ಯದಲ್ಲಿ ಏರುಪೇರು.
ದೂರವಾದ ಬಂಧುವಿನಿಂದ ವಾರ್ತೆ.’
ಯಾವಳಪ್ಪಾ ಆ ಬಂಧು ಎಂದು
ಮೊದಲು ಹೊಟ್ಟೆ ಉರಿಯಿತು.
ಕತ್ತರಿ ಕೆಳಗಿಟ್ಟ ಮೇಲೆ ಹೊಳೆಯಿತು:
ನನ್ನಷ್ಟು ದೂರ ಅವನಿಗೆ ಇನ್ಯಾರು ಹೋಗಿದ್ದಾರೆ?
ಮೀನದಲ್ಲಿ ಇದ್ದದ್ದು ‘ಮಿಶ್ರಫಲ’, ಅಷ್ಟೇ.
ನನ್ನ ಕೆಲಸ ಅವನ ಪುಟದಲ್ಲಿ ಬರೆದಿತ್ತು.

ಕನ್ಯೆಗೆ ಮೀನ ಏಳನೆಯದಂತೆ, ನೇರ ಎದುರು ಮನೆ.
ಬಾಗಿಲು ತೆಗೆದರೆ ಬಾಗಿಲೇ ಕಾಣಬೇಕು.

ಫೋನು ಮಾಡಿದೆ. ‘ಯಾರು?’ ಅಂದ.
ಏನೆನ್ನಲಿ, ವಾರ್ತೆ ಅನ್ನಲೇ?
‘ಬಿಪಿ ಮಾತ್ರೆ ತಗೊಂಡ್ಯಾ?’ ಅಂದೆ.
ಅತ್ತ ಕಡೆ ಕುಕ್ಕರು ಎರಡು ಸಲ ಕೂಗಿತು.
‘ನಿನಗ್ಯಾರು ಹೇಳಿದರು?’ ಅಂದ,
ಗಂಟಲು ಸರಿಮಾಡಿಕೊಂಡು.

ನೋಡು, ಕನ್ಯೆಗೆ ಸರಿ ಹಾಕಿದ್ದೇನೆ,
ಕಾಗದ ಹರಿಯುವಷ್ಟು ಒತ್ತಿ.
ಮೀನದ್ದು ಖಾಲಿ ಬಿಟ್ಟಿದ್ದೇನೆ,
ಇನ್ನೂ ಹದಿನೇಳು ದಿನ ಇದೆ.
ಆ ಹಸಿರು ರವಿಕೆಗೆ ಹೆಮ್ಮಿಂಗು ಮುಗೀತೇನೇ?