ಕಡೇಲೋಟ

ಜುನ್ನರದ ಬಸ್‌ಸ್ಟ್ಯಾಂಡಿನಲ್ಲಿ ದ್ರಾಕ್ಷಿ ಕೊಂಡು
ಒಂದೊಂದನ್ನೂ ಕರವಸ್ತ್ರದಿಂದ ಒರೆಸಿ ತಿಂದರು ಮಿಜುಗುಚಿ.
ಚಾಕಣದ ಕಾರ್ಖಾನೆಗೆ ಗುರುವಾರ ರಜೆ.
ದುಭಾಷಿಯ ನಾಲಿಗೆಗೆ ವಾರವೆಲ್ಲಿ?

ಏಳು ಬಾಗಿಲು ದಾಟಿ ಶಿವನೇರಿ ಹತ್ತಿದೆವು.
ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ,
ಒಂದು ಮೊಣಕಾಲೆತ್ತರ, ಮತ್ತೊಂದು ಗೇಣು.
"ವೈರಿ ಎಡವಲಂತಲೇ" ಎಂದ ಗೈಡು ತಾತ್ಯಾ ಲಾಂಡೆ.
ಹೇಳಿದೆ. "ನಮ್ಮೂರ ಕೋಟೆಯಲ್ಲೂ ಹೀಗೇ"
ಎಂದು ಮಂಡಿ ಒತ್ತಿಕೊಳ್ಳುತ್ತ ನಕ್ಕರು.
ಅಲ್ಲೀಗ ಬುನಾದಿಯ ಕಲ್ಲಷ್ಟೇ ಅಂತೆ;
ಮೇಲೆ ಚೆರ್ರಿಮರ, ಶಾಲೆ ಮಕ್ಕಳ ಬುತ್ತಿ.

ಗಂಗಾ-ಜಮುನಾ ಟಾಕಿಯಲ್ಲಿ ಮುಖ ತೊಳೆದು
ಗುಡ್ಡದ ತುದಿಗೆ ಬಂದಾಗ
ತಾತ್ಯಾ ದನಿ ತಗ್ಗಿಸಿದ:
ಕಡೇಲೋಟ ಇದು.
ಕೈ ಕಟ್ಟಿ ಇಲ್ಲಿಂದ ತಳ್ಳುತ್ತಿದ್ದರು.

ಕೆಳಗೆ ಊರು, ಕೆಂಪು ಹಂಚು,
ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಸೀರೆ.
ಬೆಳಗಿನ ಹನ್ನೊಂದು ಗಂಟೆ.
"ಇಲ್ಲಿಂದ ಸೂರ್ಯಾಸ್ತ
ಚೆಂದ ಕಾಣುತ್ತದಂತೆ" ಎಂದೆ.

ಅವರು ಕ್ಯಾಮೆರಾ ಎತ್ತಲಿಲ್ಲ.
ಟೋಪಿ ತೆಗೆದು, ಸೊಂಟದಿಂದ ಬಾಗಿ
ಬಹಳ ಹೊತ್ತು ಹಾಗೇ ನಿಂತರು.
ಆಮೇಲೆ, ಒಂದು ಹೆಜ್ಜೆ ಹಿಂದಿಟ್ಟು:
"ನಮ್ಮೂರಲ್ಲೂ ಇಂಥದೊಂದು ಬಂಡೆಯಿದೆ.
ಬಂದವರಿಗೆ ನಾವೂ
ಸೂರ್ಯಾಸ್ತವನ್ನೇ ಹೇಳುತ್ತೇವೆ."

ಬಿಸಿಲಿಗೆ ಕಣ್ಣು ಕಿರಿದು ಮಾಡಿ
ತಾತ್ಯಾ ನನ್ನ ಕೇಳಿದ:
ಸಾಹೇಬರು ಏನಂದರು?