ಹೊರಗೋಡೆ

ಹಂಡೆ ಒಲೆ ಒಡೆದಾಯಿತು.
ಮಸಿ ಹಿಡಿದ ಮೂಲೆಗೆ ಬಿಳಿ ಟೈಲ್ಸು.
ಹಾಸನದ ಚಳಿಗೆ ಮೂರು ದಿನದಿಂದ ತಣ್ಣೀರು.

‘ಬಚ್ಚಲೊಳಗೆ ಬೇಡಮ್ಮ’ ಅಂದ
ಪೆನ್ಷನ್ ಮೊಹಲ್ಲಾದ ನಸ್ರುಲ್ಲಾ,
ಆರು ಲೀಟರಿನ ಗ್ಯಾಸ್ ಗೀಸರ್ ಕಂಕುಳಲ್ಲಿ,
‘ಬಾಗ್ಲು ಹಾಕ್ಕೊಂಡು ನೀರು ಹುಯ್ಕೊಳ್ಳೋರು
ನಿದ್ದೆ ಬಂದಂಗೆ ಹೋಗ್ಬಿಡ್ತಾರೆ.
ಹೊರಗೋಡೆ ತೋರ್ಸಿ.’

ಇರುವುದು ಒಂದೇ,
ಪಾಲಾದಾಗ ಬಿಟ್ಟ ಮೂರಡಿ ಸಂದಿಗೆ.
ಆಚೆ ಓರಗಿತ್ತಿಯ ಅಡುಗೆಮನೆ ಕಿಟಕಿ.
ನಾಲ್ಕು ವರ್ಷದಿಂದ ಆ ಕಿಟಕಿಗೂ ನನಗೂ
ಮಾತಿಲ್ಲ.

ಟೇಪು ಹಿಡಿದು ಕಾಯುತ್ತಿದ್ದ ಅವನು.
ಕೆಮ್ಮಿದೆ.
‘ಪಂಕಜಾಕ್ಷಿ, ಇದರ ಹೊಗೆ
ನಿನ್ನ ಕಡೆ ಬರತ್ತಂತೆ.’

ಒಗ್ಗರಣೆಯ ಚಟಪಟ ನಿಂತಿತು.
ಸೌಟು ಹಿಡಿದ ಕೈಯೊಂದು ಸರಳಿನಾಚೆ ಚಾಚಿ
ನನ್ನ ಗೋಡೆಗೆ ಗುರುತು ಹಾಕಿತು:
‘ಒಂದು ಮಾರು ಆ ಕಡೆ.
ಇನ್ನೂ ಮೇಲೆ. ಹ್ಞೂಂ.’

ಡ್ರಿಲ್ಲು ಶುರುವಾಯಿತು.
ಮತ್ತೇನೋ ಅಂದಳು, ಕೇಳಿಸಲಿಲ್ಲ.

‘ಆಂ?’ ಅಂದೆ.