ಅನಸ್ತಮಿತ

ಕಂಚಗಾರ ಗಲ್ಲಿ, ಅಂಗಡಿ ಮ್ಯಾಲಿನ ನಮ್ಮ ಮನೀಗೆ
ಸಂಜಿ ಆರಕ್ಕ ಬಂದಳು ನೆಗೆಣ್ಣಿ ಜಿನಮತಿ.
ಚೀಲ ಇನ್ನೂ ಕೆಳಗಿಟ್ಟಿಲ್ಲ, ಕೇಳೇ ಬಿಟ್ಟಳು:
"ಹಡಗ ಹೆಂಗಿತ್ತು, ಸಮುದ್ರ ಹೆಂಗಿತ್ತು, ಅದೆಲ್ಲಾ ಆಮ್ಯಾಲೆ.
ಅಲ್ಲೆ ಹೊತ್ತ ಮುಳುಗೂದಿಲ್ಲಂತಲ್ಲ,
ಊಟ ಎಷ್ಟೊತ್ತಿಗೆ ಮಾಡಿದ್ರಿ?"

ಹೇಳ್ತೀನಿ. ಮೊದಲ ಕೂಡು.

ಮೊದಲನೇ ಊರು ಕೋಪನ್‌ಹೇಗನ್.
ಬಂಡಿಗಲ್ಲಿನ ಮ್ಯಾಲೆ ಕೂತಾಳ ಒಬ್ಬಾಕಿ ಮೀನಿನ ಹುಡುಗಿ,
ಸಾಲಿಗೆ ಹೋಗೂ ಕೂಸಿನಷ್ಟ ಆಕಾರ,
ಸುತ್ತ ಮುನ್ನೂರು ಮಂದಿ, ಮುನ್ನೂರು ಮೊಬೈಲು.
ಎಲ್ಲಾರೂ ಆಕಿ ಮಾರಿ ನೋಡಿದ್ರ
ಇವರು ನೋಡಿದ್ದು ಬೆನ್ನು, ಬೆಸಿಗಿ ಎಲ್ಲೆ ಕೂತೈತಿ ಅಂತ.
"ಕಂಚು," ಅಂದ್ರು. "ಒಂದೂವರಿ ಕ್ವಿಂಟಲ್ ಮ್ಯಾಲ ಆದೀತು.
ಹಳೇ ರೇಟಿನಾಗ ಹಿಡದ್ರೂ..."
ಅಷ್ಟರಾಗ ಗೈಡು ಕೆಂಪು ಛತ್ರಿ ಎತ್ತಿದಳು, ಬಸ್ಸು ಹೊಂಟಿತು.
ಮೂರು ತಲಿಮಾರು ಕೊಡ ಬಡದು ಕೇಳಿದ ಕಿವಿ ಅವು.
ಒಮ್ಮೆ ಟಣ್ ಅನಸಲಾರದ ಬಂದದ್ದು
ಇನ್ನೂ ಹಳಹಳಿ.

ಬರ್ಗೆನ್ ಅಂತ ಇನ್ನೊಂದೂರು.
ದಂಡೀಗುಂಟ ಕಟ್ಟಿಗಿ ಮನಿ, ಕುಂಕುಮ, ಅರಿಷಿಣ, ಕೆಮ್ಮಣ್ಣು,
ಒಂದಕ್ಕೊಂದು ಆತು ನಿಂತಾವು,
ಮದವಿ ಮನ್ಯಾಗ ನಿದ್ದಿಗೆಟ್ಟ ಮುದುಕೇರ ಹಂಗ.
ಎದುರಿಗೇ ಮೀನಿನ ಸಂತಿ.
ಮೂಗಿಗೆ ಸೆರಗು ಹಿಡಕೊಂಡು ಮಳ್ಯಾಗ ನಿಂತೆ.
ಧಾರವಾಡದ ಜಿಟಿಜಿಟಿ ಅದರ ಮುಂದ ಏನೂ ಅಲ್ಲವ್ವ.

"ಊಟದ್ದು ಹೇಳು," ಅಂದಳು ಜಿನಮತಿ.

ಹಡಗಿನ್ಯಾಗ ಹನ್ನೆರಡು ಅಂತಸ್ತು, ಎಂಟು ಊಟದ ಮನಿ,
ಎಂಟರಾಗೂ ಆಲೂಗಡ್ಡಿ.
ನಾವು ಒಯ್ದದ್ದು ಐವತ್ತು ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ,
ನೀರು ಗಾಳಸಾಕ ಬಿಳೇ ಅರಿವಿ.
ಒಣಹಾಕಿದ್ದ ಆ ಅರಿವೀನ ಕೋಣಿ ಝಾಡಸೋ ಹುಡುಗ
ಹಂಸ ಮಾಡಿ ಹಾಸಿಗಿ ಮ್ಯಾಲ ಕೂಡಿಸಿದ್ದ.
ಕುತಿಗಿ ಬಿಚ್ಚಿ ನೀರು ಗಾಳಸೂದು
ದಿನಾ ಒಂದು ಸಂಕಟ.

ಇವರು ಕೈಗಡಿಯಾರದ ಮುಳ್ಳು ತಿರುವಲೇ ಇಲ್ಲ.
"ನಮ್ಮ ಹೊತ್ತು ಹುಬ್ಬಳ್ಯಾಗ ಮುಳುಗತೈತಿ," ಅಂದ್ರು,
"ವ್ರತ ಹಿಡದದ್ದು ಆ ಸೂರ್ಯಾನ ಎದುರಿಗೆ."
ಹಂಗಾಗಿ ಅಲ್ಲೀ ಮೂರು ಗಂಟೇಕ, ಝಗಝಗ ಬಿಸಲಾಗ,
ಬಂದರದ ಬೆಂಚಿನ ಮ್ಯಾಲ ನಮ್ಮ ರಾತ್ರಿ ಊಟ.
ನಾಯಿ ಅಡ್ಡಾಡಸೋ ಅಜ್ಜಿಯೊಬ್ಬಾಕಿ ನಕ್ಕೋತ ಕೇಳಿದಳು,
ಪಿಕ್ನಿಕ್ಕೇನು ಅಂತ.
"ಡಿನ್ನರ್," ಅಂದ್ರು ಇವರು, ರೊಟ್ಟಿ ಮುರಕೋತ.
ಮೂರೂವರಿಗೆ ಬಾಯಿ ಮುಕ್ಕಳಿಸಿದಿವಂದ್ರ
ಮುಂದ ಬರೇ ಹಗಲು, ಖಾಲಿ ಹಗಲು,
ಮುಗೀಲಾರದ್ದು.

ಎಲ್ಲಾಕಿಂತ ಮ್ಯಾಲಿನ ಊರು ಟ್ರೊಮ್ಸೊ.
ಬ್ಯಾಸಿಗ್ಯಾಗ ಎರಡು ತಿಂಗಳು ಹೊತ್ತು ಮುಳುಗೂದಿಲ್ಲ,
ಚಳಿಗಾಲಕ್ಕ ಎರಡು ತಿಂಗಳು ಹುಟ್ಟೂದೂ ಇಲ್ಲ.
"ಅಯ್ಯ! ಅಲ್ಲೊಬ್ಬ ಶ್ರಾವಕ ಹುಟ್ಟಿದ್ರ
ಎರಡು ತಿಂಗಳು ನಿರಾಹಾರನ?"
ಹುಟ್ಟೂದಿಲ್ಲ ಬಿಡು, ಅಂದೆ.
ಅವರವರ ಪುಣ್ಯ ನೋಡಿ ಊರು ಕೊಡ್ತಾರ.

ಇವರು ಕೆಳಗ ಅಂಗಡ್ಯಾಗ ಅದಾರ, ಸಣ್ಣಗ ಹೇಳ್ತೀನಿ.
ಆವತ್ತು ರಾತ್ರಿ, ರಾತ್ರಿ ಅನಬೇಕೋ ಏನೋ, ಹನ್ನೊಂದೂವರಿ,
ಇವರ ಗೊರಕಿ ಹುಬ್ಬಳ್ಳಿ ಟೈಮಿಗೆ ಬರೋಬ್ಬರಿ ನಡದಿತ್ತು.
ಪರದೆ ಸರಿಸಿದೆ. ನೀರಿನ ಮ್ಯಾಲ ಸೂರ್ಯ,
ಹುಣಸಿಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳಿ ಪರಾತ.
ಇಳೀಲಿಲ್ಲ, ಏರಲಿಲ್ಲ,
ಅಂಚಿಗುಂಟ ಉರುಳಿಕೋತ ಹೊಂಟಿದ್ದ.
ನಲವತ್ತೊಂದು ವರ್ಷ, ಒಂದಿನಾ ತಪ್ಪಿಸಿಲ್ಲ ನಾ.
ಬಸುರಿದ್ದಾಗೂ.
ಚೀಲ ತಗದೆ. ಒಂದು ರೊಟ್ಟಿ, ಚಿಟಿಕಿ ಚಟ್ನಿ.
ಕಟುಂ ಅಂತ ಸಪ್ಪಳಾದೀತು ಅಂತ ನೀರಾಗ ನೆನಸಿಕೊಂಡೆ.
ಅಂವಾ ನನ್ನ ನೋಡ್ಕೋತ, ನಾ ಅವನ್ನ ನೋಡ್ಕೋತ,
ತಿಂದೆ, ಪೂರಾ.
ತಪ್ಪೇನ? ಹೊತ್ತು ಇತ್ತಲ್ಲವ್ವ!

ಜಿನಮತಿ ಏನೂ ಅನಲಿಲ್ಲ.
ಗ್ವಾಡಿ ಗಡಿಯಾರ ನೋಡಿದಳು, ಏಳಕ್ಕ ಇಪ್ಪತ್ತು ಕಮ್ಮಿ.
ಹೊರಗ ಆಷಾಢದ ಮಾಡ, ಸೂರ್ಯ ಎಲ್ಲಿದ್ದಾನೋ ಕಾಣೂದಿಲ್ಲ,
ಕ್ಯಾಲೆಂಡರಿನ್ಯಾಗ ಬರದದ್ದ ಖರೆ.
"ಬಡಸು," ಅಂದಳು. "ಅವರನ್ನೂ ಕರಿ."

ಉಂಡು, ತಾಟು ತೊಳದು ಬೋರಲು ಹಾಕೀನಿ.
ಬಂದು ಹದಿನೇಳು ದಿನ ಆತು.
ಒಂದ ತ್ರಾಸು,
ಅದನ್ನ ಆಕಿಗೂ ಹೇಳಲಿಲ್ಲ:
ಹನ್ನೊಂದೂವರಿ ಆತಂದ್ರ, ಕತ್ತಲದಾಗ,
ಹಸಿವಾಗತೈತಿ.